ಒಂದು ಗೇಣು ಎತ್ತರಿಸಿದ ಒಡ್ಡು

ಬೆಳ್ಳಿಕುರ್ವೆ, ಮೂಡಣ ಒಡ್ಡು
ಕ್ರಿ.ಶ. 2194, ಕಾರ್ತಿಕ ಹುಣ್ಣಿಮೆ ಕಳೆದ ಮೂರನೆಯ ದಿನ, ಬೆಳಗಿನ ಇಳಿತದ ಹೊತ್ತು

ತುಳಸಾ,

ಸಂಬಂಧದ ಲೆಕ್ಕದಲ್ಲಿ ನೀನು ನನ್ನ ಅಜ್ಜಿಯ ಅಜ್ಜಿಗೆ ತಾಯಿ. ಕಾಲಿಗೆ ಬಿದ್ದು ಶುರು ಮಾಡಬೇಕಿತ್ತು. ಆದರೆ ನಾನು ಬರೆಯುತ್ತಿರುವುದು 2031ನೇ ಇಸವಿಯ ತುಳಸಾ ಪಟಗಾರಳಿಗೆ. ಆಗ ನಿನಗೆ ಇಪ್ಪತ್ತಾರು, ನನಗೆ ಈಗ ಐವತ್ತೆಂಟು. ವಯಸ್ಸಿನಲ್ಲಿ ನಾನೇ ಹಿರಿಯಳಾದ್ದರಿಂದ ನೀನು ಎಂದೇ ಕರೆಯುತ್ತೇನೆ, ಸಿಟ್ಟಾಗಬೇಡ. ನನ್ನ ಹೆಸರು ಕುಸಲಿ. ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡ. ಮುಂದೆ ಬರುವ ಕೆಲವು ಮಾತುಗಳು ನಿನ್ನ ಕಾಲದಲ್ಲಿ ಇರಲಿಲ್ಲ. ಅವು ವಿಚಿತ್ರವೆನಿಸಿದರೆ ಕ್ಷಮಿಸು, ಸಾಧ್ಯವಾದಷ್ಟು ಬಿಡಿಸಿ ಹೇಳುತ್ತೇನೆ.

ಈ ಕಾಗದಕ್ಕೆ ನಮ್ಮಲ್ಲಿ ಹಿನ್ನೋಲೆ ಎನ್ನುತ್ತಾರೆ. ಗದ್ದೆಯನ್ನು ನೀರಿಗೆ ಬಿಟ್ಟುಕೊಡುವವರು, ಒಡ್ಡು ಕಡಿಯುವ ಮುಂಚೆ, ಆ ಗದ್ದೆಯನ್ನು ತಮಗಿಂತ ಹಿಂದೆ ಉಂಡ ಒಬ್ಬರಿಗೆ ಒಂದು ಕಾಗದ ಬರೆಯಬೇಕು. ಅದನ್ನು ಮಣ್ಣಿನ ಕುಡಿಕೆಯಲ್ಲಿ ಹಾಕಿ, ಬಾಯಿಗೆ ಮೇಣ ಮೆತ್ತಿ, ಕಡಿಯುವ ಜಾಗದಲ್ಲಿ ಹೂಳುತ್ತೇವೆ. ಯಾರೂ ಓದುವುದಿಲ್ಲ. ಹಿನ್ನೋಲೆಯಲ್ಲಿ ಹಿರಿಯರ ಉಪಕಾರ ನೆನೆಯುವುದು ಪದ್ಧತಿ. ನಾನು ಮೂರು ದಿನದಿಂದ ಪ್ರಯತ್ನಿಸಿದೆ, ಬರಲಿಲ್ಲ. ನಿನ್ನ ಬಗ್ಗೆ ನನ್ನಲ್ಲಿರುವುದು ಹೊಟ್ಟೆಕಿಚ್ಚು, ಅದನ್ನೇ ಬರೆಯುತ್ತೇನೆ.

ಇಲ್ಲಿ ನಿನ್ನನ್ನು ಹೊಗಳದ ದಿನವಿಲ್ಲ. ಹೊಳೆಯ ನಡುವಿನ ಈ ಕುರ್ವೆಯಲ್ಲಿ ಈಗ ನಲವತ್ತು ಮನೆಗಳಿವೆ, ಎಲ್ಲವೂ ಕಾಲುಮನೆಗಳು, ಅಂದರೆ ಆಳೆತ್ತರದ ಕಂಬಗಳ ಮೇಲೆ ಕೂತವು. ಮದುವೆಯ ಮುಹೂರ್ತವನ್ನು ಇಳಿತ ನೋಡಿ ಇಡುತ್ತೇವೆ, ಉಬ್ಬರ ಜೋರಾದ ದಿನ ಶಾಲೆಗೆ ರಜೆ. ಕುಡಿಯುವ ನೀರು ಮಳೆಗಾಲದಲ್ಲಿ ಹಿಡಿದಿಟ್ಟದ್ದು, ಬೇಸಿಗೆಯಲ್ಲಿ ಅದನ್ನು ಲೋಟದಲ್ಲಿ ಅಳೆದು ಕೊಡುವ ಕೆಲಸ ಮನೆಯ ಹಿರಿಯ ಹೆಂಗಸಿನದು. ಉಣ್ಣುವುದು ಕಗ್ಗ ಅಕ್ಕಿಯ ಗಂಜಿ, ಜೊತೆಗೆ ಒಣಸಿಗಡಿ ಚಟ್ನಿ. ಉಪ್ಪುನೀರಿಗೆ ಜಗ್ಗದ ಆ ಭತ್ತ ಇನ್ನೂ ಇದೆ, ಅಷ್ಟು ಸಮಾಧಾನ ಮಾಡಿಕೋ. ಊಟಕ್ಕೆ ಕೂತಾಗ ಮಕ್ಕಳಿಗೆ ಹೇಳುವ ಕಥೆ ಮಾತ್ರ ಒಂದೇ, ಪಡುವಣ ದಂಡೆಯ ಉಪ್ಪುನೀರಿನ ಕೆಸರಿನಲ್ಲಿ ಬೆಳೆದ ಕಾಂಡ್ಲಾ ಕಾಡು ಮತ್ತು ಅದನ್ನು ನೆಡಿಸಿದ ತುಳಸಾ. ಗಾಳಿಮಳೆಗೆ ಸಮುದ್ರ ಎದ್ದು ಬಂದಾಗಲೆಲ್ಲ ಆ ಕಾಡು ಅಲೆಯನ್ನು ತಡೆದು ಈ ಮನೆಗಳನ್ನು ಉಳಿಸಿದೆ. ಅದು ಸುಳ್ಳಲ್ಲ.

ಆ ಕಾಡು ಹೇಗೆ ಬಂತು ಎಂಬುದನ್ನು ಮಕ್ಕಳಿಗೆ ಪೂರ್ತಿ ಹೇಳುವುದಿಲ್ಲ. ನನಗೆ ಗೊತ್ತು, ನಿನ್ನ ಟಿಪ್ಪಣಿಗಳು ನನ್ನ ವಶದಲ್ಲಿವೆ. ಕುಮಟೆಯ ಬಾಡಿಗೆ ಕೋಣೆಯಲ್ಲಿ ಕೂತು, ಎಲ್ಲಿ ಎಷ್ಟು ನೀರು ನುಗ್ಗೀತು ಎಂದು ನೀನು ಕಂಪ್ಯೂಟರಿನಲ್ಲಿ ಇಡೀ ಹೊಳೆಬಾಯಿಯ ಮಾದರಿ ಮಾಡಿದೆ. ಒಡ್ಡುಗಳ ಎತ್ತರ ಅಳೆಯಲು ಜನ ಕರೆದುಕೊಂಡು ಬರುತ್ತೇನೆಂದು ಊರಿಗೆ ಎಂಟು ದಿನ ಮೊದಲೇ ಹೇಳಿ ಕಳಿಸಿದೆ. ಊರವರು ಏನು ಮಾಡಿದರು? ನಮ್ಮ ಹುಡುಗಿ ನೆಂಟರನ್ನು ಕರೆತರುತ್ತಾಳೆಂದು, ಹಬ್ಬಕ್ಕೆ ಅಂಗಳ ಸಾರಿಸಿದ ಹಾಗೆ, ಕುಸಿದ ಪಡುವಣ ಒಡ್ಡಿಗೆಲ್ಲ ಹಸಿ ಮಣ್ಣು ಏರಿಸಿ ತಟ್ಟಿ ಚೆಂದ ಮಾಡಿಟ್ಟರು. ನೀನು ಆ ಸಿಂಗಾರವನ್ನೇ ಅಳೆದೆ. ನಿನ್ನ ಮಾದರಿ ಪಡುವಣ ಗದ್ದೆಗಳಿಗೆ ನೀರು ನುಗ್ಗುವುದಿಲ್ಲ ಎಂದಿತು. ಮುಂದೆ ಆಗುವುದನ್ನು ಹೇಳಬಾರದು, ಆದರೆ ಈ ಕಾಗದ ನಿನಗೆ ತಲುಪುವುದಿಲ್ಲವಲ್ಲ. 2034ರ ಆಷಾಢದಲ್ಲಿ ಹಸಿ ಮಣ್ಣೆಲ್ಲ ಕರಗಿ ಒಡ್ಡು ಒಡೆಯಿತು, ಹದಿನೇಳು ಮನೆಯವರ ಗದ್ದೆ ಉಪ್ಪುನೀರಿನ ಪಾಲಾಯಿತು.

ನೀನು ಲೆಕ್ಕ ತಿದ್ದಿದೆ. ಮಾದರಿಯಿಂದ ಪಡುವಣ ಒಡ್ಡನ್ನು ತೆಗೆದುಹಾಕಿ ಮತ್ತೆ ಓಡಿಸಿದಾಗ, ಅಲ್ಲಿ ಜೌಗು ಇದ್ದರೆ ಊರಿಗೇ ಕಡಿಮೆ ನೀರು ನುಗ್ಗುತ್ತದೆ ಎಂದು ಕಂಡಿತು. ಒಡ್ಡು ಕಟ್ಟುವುದು ಬೇಡ, ಕಾಂಡ್ಲಾ ನೆಡೋಣ ಎಂದು ಮನೆಮನೆಗೆ ಹೋಗಿ ಒಪ್ಪಿಸಿದೆ. ಆ ಹದಿನೇಳು ಗದ್ದೆಗಳಲ್ಲಿ ನಿಮ್ಮ ಮನೆಯದು ಒಂದೂ ಇರಲಿಲ್ಲ. ನಿಮ್ಮದು ಮೂಡಣದಲ್ಲಿತ್ತು. ಒಳ್ಳೆಯ ಮಣ್ಣು, ಒಳ್ಳೆಯ ತೂಬು, ಹೊಳೆಗೆ ಬೆನ್ನು ಹಾಕಿ ಕೂತ ಗದ್ದೆ. ನೀನು ಮೋಸ ಮಾಡಿದೆ ಎನ್ನುತ್ತಿಲ್ಲ. ನಿನ್ನ ಕಾಲದ ಲೆಕ್ಕಕ್ಕೆ ಆ ಗದ್ದೆ ಬೇಕಿರಲಿಲ್ಲ, ಅಷ್ಟೇ. ಅದು ತಾಯಿಯಿಂದ ಮಗಳಿಗೆ ಇಳಿದು ಬಂದು ಈಗ ನನ್ನದಾಗಿದೆ.

ನನ್ನ ಕೆಲಸವೂ ನಿನ್ನದೇ. ಊರ ಚಾವಡಿಯಲ್ಲಿ ಹತ್ತು ಜನ ಸುತ್ತ ಕೂರುವಷ್ಟು ಅಗಲದ ಒಂದು ಮೇಜಿದೆ, ಅದನ್ನು ನೀರ್ಗನ್ನಡಿ ಎನ್ನುತ್ತೇವೆ. ಹೊಳೆ, ಗದ್ದೆ, ಕಾಡು ಎಲ್ಲ ಅದರ ಮೇಲೆ ಸಣ್ಣದಾಗಿ ಹರಿಯುತ್ತಿರುತ್ತವೆ. ಬರುವ ನೂರು ವರ್ಷದ ನೀರನ್ನು ಅದು ಅರ್ಧ ಗಳಿಗೆಯಲ್ಲಿ ತೋರಿಸುತ್ತದೆ. ಅದನ್ನು ನೋಡಿಕೊಳ್ಳುವವಳು ನಾನು, ಇಪ್ಪತ್ತೆಂಟು ವರ್ಷದಿಂದ. ಅಳತೆ ಯಂತ್ರಗಳನ್ನು ಉಪ್ಪು ತಿಂದು ಹಾಕುವುದರಿಂದ ನಾವು ನಂಬುವುದು ಬಾಯಳತೆಯನ್ನು. ಪ್ರತಿ ಮನೆಯವರು ತಮ್ಮ ಒಡ್ಡನ್ನು ತಾವೇ ಅಳೆದು ಬಂದು ಬಾಯಲ್ಲಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಮರುಪ್ರಶ್ನೆ ಇಲ್ಲ. ಹೀಗೆ ನಡೆದು ಬಂದಿದೆ. ನಿನ್ನ ಹಾಗೆ ಕೆಸರಿಗಿಳಿದು, ತಪ್ಪಾಗಿ ಅಳೆದು, ಮತ್ತೆ ತಿದ್ದಿಕೊಳ್ಳುವ ಭಾಗ್ಯ ನನಗಿಲ್ಲ. ನೀರ್ಗನ್ನಡಿ ಹೇಳಿದ್ದು ಇದುವರೆಗೆ ಹುಸಿಯಾಗಿಲ್ಲ, ಅದಕ್ಕಾಗಿ ನನ್ನನ್ನು ಹೊಗಳಿದವರೂ ಇಲ್ಲ.

ಹೋದ ವರ್ಷ ಅದು ನಿನ್ನ ಕಾಡು ಸಾಯುವುದನ್ನು ತೋರಿಸಿತು. ಸಮುದ್ರ ಏರುವಷ್ಟು ಬೇಗ ಬುಡದ ಕೆಸರು ಏರುತ್ತಿಲ್ಲ. ಕಾಂಡ್ಲಾ ಬದುಕಬೇಕಾದರೆ ಹಿಂದಕ್ಕೆ, ಎತ್ತರದ ನೆಲಕ್ಕೆ, ಸರಿಯಬೇಕು. ಸರಿಯಲು ಇರುವ ದಾರಿ ಒಂದೇ, ಮೂಡಣದ ನನ್ನ ಗದ್ದೆ. ನನ್ನ ಒಡ್ಡು ಸಾಕಷ್ಟು ಎತ್ತರವಾಗಿದ್ದರೆ ಗದ್ದೆ ಉಳಿಸಿಕೊಳ್ಳಬಹುದು, ಕಾಡಿಗೆ ಬೇರೆ ಏನಾದರೂ ನೋಡೋಣ ಎಂದು ಊರವರು ಮಾತಾಡಿಕೊಂಡರು. ಬೇರೆ ಏನೂ ಇಲ್ಲವೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಬಾಯಳತೆಯಲ್ಲಿ ನನ್ನ ಸರದಿ ಬಂದಾಗ ನನ್ನ ಒಡ್ಡನ್ನು ಒಂದು ಗೇಣು ಹೆಚ್ಚಿಗೆ ಹೇಳಿದೆ, ನಾನೇ ಬರೆದುಕೊಂಡೆ. ಗದ್ದೆಯ ಆಸೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮೇಜಿನ ಮೇಲೆ ನಿನ್ನ ಕಾಡು ಮೂವತ್ತು ವರ್ಷದಲ್ಲಿ ಮಸುಕಾಗಿ ಅಳಿಸಿಹೋಗುವುದನ್ನು ನೋಡುತ್ತ ನನಗೆ ಸುಖವಾಯಿತು, ತುಳಸಾ. ಇನ್ನಾದರೂ ಈ ಊರಿನಲ್ಲಿ ನಿನ್ನ ಹೊಗಳಿಕೆ ನಿಲ್ಲುತ್ತದೆ ಎನಿಸಿತು.

ಸಿಕ್ಕಿಬಿದ್ದದ್ದು ಬುದವಂತಿ ಅತ್ತೆಯ ಕೈಯಲ್ಲಿ. ಎಂಬತ್ತು ದಾಟಿದ ಹೆಂಗಸು, ದಿನಾ ಬೆಳಿಗ್ಗೆ ಚಿಪ್ಪಿ ಹೆಕ್ಕಲು ನನ್ನ ಒಡ್ಡಿನ ಮೇಲೇ ನಡೆದು ಹೋಗುತ್ತಾಳೆ. ಒಂದು ದಿನ ಚಾವಡಿಗೆ ಬಂದವಳು ಮೇಜಿನ ಮೇಲೆ ಬಗ್ಗಿ ಸುಮಾರು ಹೊತ್ತು ನೋಡಿದಳು. ಆಮೇಲೆ ನಾಲ್ಕು ಜನರ ಎದುರಿಗೇ, ದನಿ ಏರಿಸದೆ ಹೇಳಿದಳು:

“ಎಂತ ತಂಗಿ, ನಿನ್ನ ಕನ್ನಡಿ ಒಳಗೆ ನಿನ್ನ ಒಡ್ಡು ಬೆಳ್ದದೆ. ನನ್ನ ಕಾಲಿಗೆ ಮಾತ್ರ ಅದು ವರ್ಷಾ ವರ್ಷಾ ಕುಂತ್ಕಂಡೇ ಹೋಗ್ತದೆ.”

ಬಾಯಳತೆಗೆ ಮರುಪ್ರಶ್ನೆ ಇಲ್ಲವಲ್ಲ. ನಾನೇ ಹೇಳಲಿ ಎಂದು ಊರವರು ಕಾದರು. ನಾನು ಹನ್ನೊಂದು ದಿನ ಅಂಕಿ ತಿದ್ದಲಿಲ್ಲ. ಅಷ್ಟೂ ದಿನ ಬುದವಂತಿ ಅತ್ತೆ ಎಂದಿನಂತೆ ನನ್ನ ಮನೆಯ ಮುಂದೆ ಹಾದು ಹೋದಳು, ಮಾತಾಡಿಸಿದಳು, ಚಿಪ್ಪಿಯಲ್ಲಿ ಒಂದು ಪಾಲು ಮೆಟ್ಟಿಲ ಮೇಲೆ ಇಟ್ಟು ಹೋದಳು. ನನಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು. ಹನ್ನೆರಡನೆಯ ದಿನ ಚಾವಡಿಗೆ ಹೋಗಿ, ನಾನು ಹೇಳಿದ್ದು ಸುಳ್ಳು, ಒಂದು ಗೇಣು ಹೆಚ್ಚು ಎಂದೆ. ಅಂಕಿ ತಿದ್ದಿದೆ. ಮೇಜಿನ ಮೇಲೆ ನನ್ನ ಗದ್ದೆಗೆ ನೀರು ಬಂತು, ಹಿಂದೆಯೇ ಹಸಿರು ಬಂತು. ನಿನ್ನ ಕಾಡು ಇನ್ನೂ ನೂರು ವರ್ಷ ಬಾಳುತ್ತದೆ.

ಕಗ್ಗದ ಕೊಯ್ಲು ಹೋದ ವಾರ ಮುಗಿಯಿತು. ಇವತ್ತು ಮಧ್ಯಾಹ್ನ ಉಬ್ಬರ ಏರುವ ಮುಂಚೆ ಒಡ್ಡು ಕಡಿಯುತ್ತೇವೆ. ಮೊದಲ ಗುದ್ದಲಿ ಹಾಕಬೇಕಾದವಳು ನಾನು. ಹತ್ತಿರದಲ್ಲೇ ಹೆಂಗಸರು ಗದ್ದೆಯಲ್ಲಿ ನೆಡಲು ಕಾಂಡ್ಲಾ ಕೋಡುಗಳನ್ನು ಬುಟ್ಟಿಗೆ ತುಂಬುತ್ತಿದ್ದಾರೆ, ನಗುವುದು ಇಲ್ಲಿಗೆ ಕೇಳಿಸುತ್ತಿದೆ.

ನಿನ್ನಲ್ಲಿ ನನ್ನದೊಂದು ಕೋರಿಕೆಯಿದೆ. ಮುಂದೆ ಜನ ನಿನ್ನನ್ನು ಹೊಗಳುವಾಗ, ಒಂದು ಗಳಿಗೆಯಾದರೂ ಆ ಹದಿನೇಳು ಮನೆಯವರ ಮುಖ ನೋಡು. ನಿನ್ನ ಟಿಪ್ಪಣಿಗಳಲ್ಲಿ ಅವರ ಗದ್ದೆಯ ಅಳತೆ ಇದೆ, ಹೆಸರಿಲ್ಲ. ನಾನು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ, ಪದ್ಧತಿ ಮುರಿದಾದರೂ ಈ ಹಿನ್ನೋಲೆಯನ್ನು ಅವರಲ್ಲೊಬ್ಬರಿಗೆ ಬರೆಯುತ್ತಿದ್ದೆ, ಅವರಿಗೆ ಅರ್ಥವಾಗುತ್ತಿತ್ತು. ನಿನ್ನ ಕಾಲದ ಒಡ್ಡನ್ನು ಸಮುದ್ರವೇ ಒಡೆಯಿತು, ನೀನು ಹಾಗೇ ಇರಲಿ ಎಂದೆ. ನನ್ನದನ್ನು ನನ್ನ ಕೈಯಿಂದಲೇ ಕಡಿಯಬೇಕು. ನಾಳೆಯಿಂದ ಇದನ್ನೂ ತುಳಸಾಳ ಕಾಡು ಎಂದೇ ಕರೆಯುತ್ತಾರೆ, ಕರೆಯಲಿ.

ಕುಡಿಕೆ ಸಿದ್ಧವಾಗಿದೆ, ಕರೆಯುತ್ತಿದ್ದಾರೆ. ಹೋಗಿ ಬರುತ್ತೇನೆ. ನಾನು ಸಂತೋಷದಿಂದ ಕೊಟ್ಟೆ ಎಂದು ಇವರು ಮಕ್ಕಳಿಗೆ ಕಥೆ ಹೇಳುತ್ತಾರೆ. ನಿನಗೊಬ್ಬಳಿಗೆ ನಿಜ ಗೊತ್ತಿರಲಿ. ಆ ಗದ್ದೆ ನನಗೆ ಬೇಕಾಗಿತ್ತು.

ಕುಸಲಿ