ದೊಡ್ಡಣ್ಣನ ಮೊದಲ ಸೂಜಿ

ಗ್ಯೊಂಗ್ಜು
ಜೂನ್ 17, 2021, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೋಡ ಕವಿಯುವ ಮೊದಲೇ ನಿನ್ನ ಮಂಡಿ ಈಗಲೂ ಮಳೆಯ ಸುದ್ದಿ ಹೇಳುತ್ತದೆಯೇ? ಊಟ ಸೇರುತ್ತಿದೆಯೇ? ಹೋದ ಸಲ ನಾನು ಬಂದಾಗ ನೀನು ಗಾಜಿನ ಆಚೆ ಕುಳಿತು ಬೆರಳು ಉಜ್ಜಿ ಉಜ್ಜಿ ತೋರಿಸಿದೆಯಲ್ಲ, ಹಾಸಿಗೆಗೆ ಇರುವೆ ಮುತ್ತಿವೆ ಎಂದು ಹೇಳುತ್ತಿದ್ದೀಯ ಅಂದುಕೊಂಡು ತಲೆಯಾಡಿಸಿ ಬಂದುಬಿಟ್ಟೆ. ಗಂಜಿಗೆ ಉಪ್ಪಿಲ್ಲ ಎಂದು ನೀನು ಹೇಳಿದ್ದು ಅರ್ಥವಾಗುವಷ್ಟರಲ್ಲಿ ಬಸ್ಸು ಅರ್ಧ ದಾರಿ ದಾಟಿತ್ತು. ಈ ಪತ್ರದ ಜೊತೆಗೆ ಹಸಿರು ಪ್ಲಮ್ ಹಣ್ಣಿನ ಶರಬತ್ತು ಎರಡು ಬಾಟಲಿ ಕಳಿಸಿದ್ದೇನೆ. ಒಂದು ನಿನಗೆ, ಇನ್ನೊಂದು ನಿನಗೆ ಇದನ್ನು ಓದಿ ಹೇಳುವ ಚಾಂಗ್ ಅವರಿಗೆ. ಅವರ ಬಾಟಲಿಯ ಮೇಲೂ ನೀನು ಕಣ್ಣು ಹಾಕಬೇಡ.

ನೀನಿರುವ ಆಸ್ಪತ್ರೆಯವರು ಹೇಳಿದರು. ಇಬ್ಬರಿಗೂ ಎರಡೆರಡು ಕೊರೊನಾ ಸೂಜಿ ಆಗಿದ್ದರೆ ಇನ್ನು ಮೇಲೆ ಗಾಜು ಬೇಡವಂತೆ, ಒಂದೇ ಕೋಣೆಯಲ್ಲಿ ಕೂರಿಸುತ್ತಾರಂತೆ, ಕೈ ಹಿಡಿದುಕೊಳ್ಳಬಹುದಂತೆ. ನನ್ನದು ಎರಡೂ ಆಯಿತು. ನೀನು ಮಾತ್ರ ಸೂಜಿಯವರು ಬಂದರೆ ತೋಳನ್ನು ಹೊದಿಕೆಯೊಳಗೆ ಎಳೆದುಕೊಂಡು ನಿದ್ದೆ ಬಂದವಳಂತೆ ಗೊರಕೆ ಹೊಡೆಯುತ್ತೀಯಂತೆ. ಬೈಯಲು ಬರೆಯುತ್ತಿಲ್ಲ. ಬೈದರೆ ಇನ್ನೊಂದು ತೋಳನ್ನೂ ಒಳಗೆಳೆದುಕೊಳ್ಳುವವಳು ನೀನು. ನಿನ್ನ ಭಯ ನನಗೆ ಗೊತ್ತು. ನಮ್ಮ ಯಜಮಾನರು ತಮ್ಮ ಕಾಲಿನಲ್ಲೇ ನಡೆದು ಆಸ್ಪತ್ರೆಗೆ ಹೋದವರು, ನಡೆದು ಬರಲಿಲ್ಲ. ಆ ಹೊತ್ತಿನಲ್ಲಿ ನಿನ್ನನ್ನು ಹೊರಗೆ ಬಿಡಲಿಲ್ಲ, ನನ್ನನ್ನು ಒಳಗೆ ಬಿಡಲಿಲ್ಲ. ಫೋನಿನಲ್ಲಿ ನೀನು ಅತ್ತೆ, ನಾನು ಹೂಂ ಹೂಂ ಎಂದೆ. ನಿಜ ಹೇಳಬೇಕೆಂದರೆ ನಾನಿನ್ನೂ ಸರಿಯಾಗಿ ಅತ್ತೇ ಇಲ್ಲ. ಮನೆಯಲ್ಲಿ ಒಬ್ಬಳೇ ಕುಳಿತು ಅಳಲು ಶುರುಮಾಡಿದರೆ ನಿಲ್ಲಿಸು ಎನ್ನುವವರು ಯಾರೂ ಇಲ್ಲವಲ್ಲ ಎಂಬ ಹೆದರಿಕೆ. ಇರಲಿ. ನಗುವ ಸುದ್ದಿ ಒಂದಿದೆ, ಅದನ್ನು ಹೇಳುತ್ತೇನೆ.

ಅವರು ಹೋದ ಮೇಲೂ ಅವರ ಫೋನು ದಿನವೂ ಬೆಳಿಗ್ಗೆ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ‘ಹಳೇ ಕಲ್ಲಿನ ಗೆಳೆಯರು’ ಎಂಬ ಹರಟೆ ಗುಂಪು. ಬೇರೆ ಬೇರೆ ಊರಿನ ಮುದುಕ ಮುದುಕಿಯರು. ಎಲ್ಲಿ ಕಲ್ಲಿನ ಪಗೋಡ, ರಾಜರ ಸಮಾಧಿ, ಮೂಗು ಮುರಿದ ಬುದ್ಧ ಇದ್ದರೂ ಬಸ್ಸು ಮಾಡಿಕೊಂಡು ಹೋಗಿ, ಕಲ್ಲು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಊಟ ಮಾಡಿ ಬರುವವರು. ರೋಗ ಬಂದು ಬಸ್ಸು ನಿಂತಮೇಲೆ ಫೋಟೋಗಳು ಮಾತ್ರ ಓಡಾಡುತ್ತಿದ್ದವು. ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಪಗೋಡದ ಚಿತ್ರ, ಸಂಜೆ ಮೊಮ್ಮಕ್ಕಳ ಚಿತ್ರ. ಅದನ್ನು ನಿಲ್ಲಿಸೋಣವೆಂದರೆ ನನಗೆ ಬರದು. ಆಮೇಲೆ, ಅದೂ ನಿಂತರೆ ಮನೆಯಲ್ಲಿ ಸದ್ದೇ ಇರುವುದಿಲ್ಲವಲ್ಲ ಎಂದು ಬಿಟ್ಟೆ. ಚಳಿಗಾಲ ಮುಗಿಯುವಾಗ ಒಂದು ದಿನ ಒಬ್ಬಳೇ ಉಂಡು ಕೂತಿದ್ದವಳಿಗೆ ಏನು ತೋಚಿತೋ, ‘ಎಲ್ಲರದ್ದೂ ಊಟ ಆಯ್ತಾ?’ ಎಂದು ಬರೆದು ಒತ್ತಿಬಿಟ್ಟೆ. ಅದು ಮನ್‌ಬೊಕ್ ಎಂಬ ಅವರ ಹೆಸರಿನಲ್ಲೇ, ಅವರ ನಗುಮುಖದ ಫೋಟೋದೊಂದಿಗೆ ಹೋಯಿತು. ಗಾಂಗ್ನುಂಗ್‌ನಲ್ಲಿ ಒಣಮೀನು ಮಾರುವ ಗ್ವಾಕ್ ದಾಲ್ಸು ಎಂಬುವರು ಆಗ ಸೂಪು ಕುಡಿಯುತ್ತಿದ್ದರಂತೆ, ಬಟ್ಟಲು ಕೈಜಾರಿ ತೊಡೆಯ ಮೇಲೆ ಬಿತ್ತಂತೆ. ‘ಮನ್‌ಬೊಕ್ ಅಣ್ಣಾ, ಯಾಕಣ್ಣಾ, ಅಲ್ಲಿ ಊಟ ಕೊಡಲ್ವಾ?’ ಎಂದು ಬರೆದರು. ಆಂದೊಂಗ್‌ನ ಬಾಂಗ್ ಗಮ್‌ನ್ಯೊ ಎಂಬ ಚುರುಕು ಬಾಯಿಯ ಹೆಂಗಸು, ‘ಅಯ್ಯೋ ಪೆದ್ದಪ್ಪಾ, ಬರೆದಿರೋದು ಅತ್ತಿಗೆ ಕಣೋ!’ ಎಂದು ಬಿಡಿಸಿ ಹೇಳಿದ ಮೇಲೆ ಅವರಿಗೆ ಉಸಿರು ಬಂತು. ಅವತ್ತಿನಿಂದ ನಾನು ಆ ಗುಂಪಿಗೆಲ್ಲ ಅತ್ತಿಗೆ.

ಗುಂಪಿನ ದೊಡ್ಡಣ್ಣ ಬುಯೊ ಊರಿನ ಚೊನ್ ಪಿಲ್‌ಗ್ಯು. ಮೊದಲ ಪ್ರವಾಸದ ಬಸ್ಸಿನಲ್ಲಿ ಹುಟ್ಟಿದ ವರ್ಷ ಕೇಳಿಕೊಂಡು ಯಾರು ಅಣ್ಣ, ಯಾರು ತಮ್ಮ ಎಂದು ಹನ್ನೆರಡು ಪ್ರಾಣಿಗಳ ವರ್ಷದ ಲೆಕ್ಕದಲ್ಲಿ ತೀರ್ಮಾನಿಸುವಾಗ ಅವರು ತಾನು ಮಂಗನ ವರ್ಷದವನು ಎಂದಿದ್ದರು. ನಮ್ಮವರು ಅದರ ಮುಂದಿನ ಕೋಳಿ ವರ್ಷದವರು. ಒಂದು ವರ್ಷ ದೊಡ್ಡವರಾದರೂ ದೊಡ್ಡವರೇ ತಾನೆ. ಅಂದಿನಿಂದ ಅವರದು ಏಕವಚನ, ಉಳಿದವರದು ಬಹುವಚನ. ಬಸ್ಸಿನಲ್ಲಿ ಮುಂದಿನ ಸೀಟು ಅವರಿಗೆ, ಊಟಕ್ಕೆ ಕೂತರೆ ಮೊದಲು ಚಮಚ ಎತ್ತುವವರು ಅವರು. ಫೋನಿನಲ್ಲೂ ಅದೇ ಜೋರು. ನಾನು ನಮ್ಮೂರಿನ ಮೂರಂತಸ್ತಿನ ಪಗೋಡದ ಫೋಟೋ ಹಾಕಿದರೆ, ‘ನೋಡಮ್ಮಾ, ಇದೂ ಒಂದು ಪಗೋಡಾನಾ? ನಮ್ಮೂರಲ್ಲಿ ಇಂಥದನ್ನ ಕಿಮ್ಚಿ ಜಾಡಿ ಮೇಲೆ ಭಾರಕ್ಕಿಡ್ತೀವಿ’ ಎನ್ನುವರು. ಇನ್ನೊಂದು ದಿನ, ‘ಸಾವಿರದ ಮುನ್ನೂರು ವರ್ಷದ ಹಿಂದೆ ನಮ್ಮ ರಾಜ್ಯ ಹಾಳು ಮಾಡಿದ್ದು ನೀವೇ, ಗ್ಯೊಂಗ್ಜುವಿನಿಂದ ಆಳಿದ ಸಿಲ್ಲಾದವರು. ನಾನಿನ್ನೂ ಮರ್ತಿಲ್ಲ’ ಎಂದರು. ‘ಅಣ್ಣಾ, ಅದನ್ನ ಅತ್ತಿಗೆ ಒಬ್ರೇ ಮಾಡಿಲ್ಲ’ ಎಂದು ಬಾಂಗ್ ಅವರು ನನ್ನ ಪರ ನಿಂತರು. ಅಕ್ಕಾ, ನಾವು ಚಿಕ್ಕವರಿದ್ದಾಗ ರಾಜರ ಸಮಾಧಿಯ ಹುಲ್ಲಿನ ಮೇಲೆ ಗೋಣಿಚೀಲ ಹಾಕಿಕೊಂಡು ಜಾರುತ್ತಿದ್ದೆವು ಎಂದು ನಾನು ಬರೆದ ದಿನವಂತೂ ಅವರು ಊಟ ಬಿಟ್ಟು ಬೈದರು. ಸಂಜೆ ಮಾತ್ರ ನನಗೊಬ್ಬಳಿಗೇ ಬರೆದು ಕೇಳಿದರು, ‘ತುಂಬಾ ಜೋರಾಗಿ ಜಾರ್ತಿತ್ತಾ?’

ಏಪ್ರಿಲ್‌ನಲ್ಲಿ ಎಪ್ಪತ್ತೈದು ದಾಟಿದವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಸೂಜಿ ಹಾಕಿಸಿದರು. ನನಗೂ ನಿನ್ನ ಹಾಗೆಯೇ ಕೈಕಾಲು ತಣ್ಣಗಾಗಿತ್ತು. ಬಾಂಗ್ ಅವರಿಗೆ ಹಿಂದಿನ ದಿನ ಆಗಿತ್ತು. ‘ಸೊಳ್ಳೆ ಕಚ್ಚಿದ ಹಾಗೆ ಅತ್ತಿಗೆ. ಆಮೇಲೆ ಹದಿನೈದು ನಿಮಿಷ ಸುಮ್ಮನೆ ಕೂರಿಸ್ತಾರೆ. ತಿನ್ನೋಕೆ ಏನೂ ಕೊಡಲ್ಲ, ಅದೊಂದೇ ಬೇಜಾರು’ ಎಂದಿದ್ದರು. ಸೂಜಿ ಆದಮೇಲೆ ಕುರ್ಚಿಯಲ್ಲಿ ಕೂತು ‘ಇನ್ನೂ ಇದ್ದೀನಿ’ ಎಂದು ಬರೆದೆ. ಗ್ವಾಕ್ ಅವರು ಕುಣಿಯುವ ಕರಡಿಯ ಚಿತ್ರ ಕಳಿಸಿದರು. ದೊಡ್ಡಣ್ಣ ಮಾತ್ರ, ‘ನಂದು ಯಾವಾಗ್ಲೋ ಆಯ್ತು. ಹಾಕಿಸ್ಕೊಂಡು ಸೀದಾ ಹೋಗಿ ಎರಡು ಬಟ್ಟಲು ಸೂಪು ಕುಡಿದೆ. ನೀವೆಲ್ಲ ಯಾಕಿಷ್ಟು ನಡುಗ್ತೀರೋ!’ ಎಂದು ಎಲ್ಲರ ಮರ್ಯಾದೆ ತೆಗೆದರು.

ಮೇ ಕೊನೆಗೆ ಎಪ್ಪತ್ತೈದರ ಕೆಳಗಿನವರ ಸರದಿ ಬಂತು. ಅವರಿಗೆ ಬೇರೆ ಸೂಜಿ, ಓಣಿಯ ದವಾಖಾನೆಯಲ್ಲೇ ಹಾಕುತ್ತಿದ್ದರು. ಅದಕ್ಕೆ ಕೆಲವರಿಗೆ ಜ್ವರ ಬರುತ್ತದೆಂದು ಜನ ಮೊದಲೇ ಮಾತ್ರೆ ಕೊಂಡಿಟ್ಟುಕೊಂಡು ಔಷಧಿ ಅಂಗಡಿಗಳೆಲ್ಲ ಖಾಲಿ. ಆಗ ಒಂದು ಬೆಳಿಗ್ಗೆ ಹೂವಿನ ಚಿತ್ರಗಳ ನಡುವೆ ಈ ಮಾತು ಬಂತು: ‘ಅಯ್ಯೋ ಸತ್ತೆ. ನಿನ್ನೆ ಮೊದಲ ಸೂಜಿ ಹಾಕಿಸ್ಕೊಂಡೆ. ಮೈಯೆಲ್ಲ ಒನಕೇಲಿ ಕುಟ್ಟಿದ ಹಾಗಿದೆ. ಈ ಊರಲ್ಲಿ ಒಂದೇ ಒಂದು ಮಾತ್ರೆ ಸಿಗ್ತಿಲ್ಲ. ಯಾರ ಹತ್ರನಾದ್ರೂ ಇದ್ಯಾ?’ ಬರೆದವರು ದೊಡ್ಡಣ್ಣ! ಜ್ವರದ ತಾಪದಲ್ಲಿ ಏಪ್ರಿಲ್‌ನ ಸೂಪು ಅವರಿಗೆ ಮರೆತೇಹೋಗಿತ್ತು. ಇನ್ನೂ ಎಷ್ಟು ಜನ ಓದಿಲ್ಲ ಎಂದು ಮಾತಿನ ಪಕ್ಕದಲ್ಲಿ ಒಂದು ಅಂಕಿ ತೋರಿಸುತ್ತದೆ ಅಕ್ಕಾ. ಅದು ಇಳಿಯುತ್ತಾ ಇಳಿಯುತ್ತಾ ಮಾಯವಾಯಿತು. ಎಲ್ಲರೂ ಓದಿದ್ದರು. ಕೊನೆಗೆ ಬಾಂಗ್ ಅವರು ‘ಮೊದಲ ಸೂಜಿನಾ?’ ಎಂದರು. ಗ್ವಾಕ್ ಅವರು ಮೆಲ್ಲಗೆ, ‘ನಮ್ಮ ವಯಸ್ಸಿನೋರಿಗೆಲ್ಲ ಎರಡೂ ಮುಗೀತಲ್ಲಣ್ಣಾ. ನಿಜವಾಗ್ಲೂ ನಿಮ್ಮದು ಯಾವ ವರ್ಷ?’ ಎಂದು ಕೇಳಿದರು. ಅದಕ್ಕೆ ಒಂದೇ ಪದ ಬಂತು. ‘ಮೊಲ.’ ಅದರ ಕೆಳಗೆ, ಚೊನ್ ಪಿಲ್‌ಗ್ಯು ಗುಂಪಿನಿಂದ ಹೊರನಡೆದರು ಎಂದು ಫೋನೇ ಬರೆಯಿತು.

‘ಮೊಲ ಓಡಿಹೋಯ್ತು’ ಎಂದರು ಬಾಂಗ್.

ಮೊಲದ ವರ್ಷವೆಂದರೆ ನಮ್ಮವರಿಗಿಂತ ಆರು ವರ್ಷ ಚಿಕ್ಕವರು! ಗುಂಪು ಹೊತ್ತಿ ಉರಿಯಿತು. ಗ್ವಾಕ್ ಅವರದು ನಾಯಿ ವರ್ಷ, ಮೊಲಕ್ಕಿಂತ ಐದು ವರ್ಷ ದೊಡ್ಡವರು. ಸೌಮ್ಯ ಮನುಷ್ಯ ಅಂದುಕೊಂಡಿದ್ದೆ. ‘ಅವನಿಗೆ ನಾನು ಎರಡೂ ಕೈಯಲ್ಲಿ ಸೋಜು ಬಗ್ಗಿಸಿದ್ದೀನಿ! ಹಿರಿಯರ ಮುಂದೆ ಕುಡೀಬಾರ್ದು ಅಂತ ಪ್ರತಿ ಗುಟುಕಿಗೂ ಮುಖ ಆ ಕಡೆ ತಿರುಗಿಸಿ ತಿರುಗಿಸಿ ಕತ್ತು ಉಳುಕಿಸ್ಕೊಂಡಿದ್ದೀನಿ! ನನ್ನ ಕತ್ತು ಯಾರು ಸರಿಮಾಡ್ತಾರೆ?’ ಎಂದು ಕೂಗಾಡಿದರು. ‘ನಾನು ಮುಂದಿನ ಸೀಟು ಬಿಟ್ಕೊಟ್ಟು ಹಿಂದೆ ಕೂತು ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡೆ. ಅದಕ್ಕೇನಂತೀಯ?’ ಎಂದು ಬಾಂಗ್ ಅವರೂ ಸೇರಿಕೊಂಡರು. ಅವರನ್ನು ಇನ್ನು ಸೇರಿಸುವುದು ಬೇಡ ಎಂದರು ಕೆಲವರು. ಅವರಿಲ್ಲದೆ ಬಸ್ಸು ಮಾಡುವವರು ಯಾರು, ಶರತ್ಕಾಲದ ಪ್ರವಾಸವೂ ಬೇಡ ಎಂದರು ಇನ್ನು ಕೆಲವರು. ಕೊನೆಗೆ ಗ್ವಾಕ್, ‘ಅತ್ತಿಗೆ, ನೀವು ಹೇಳಿ. ಮನ್‌ಬೊಕ್ ಅಣ್ಣ ಇದ್ದಿದ್ರೆ ಏನಂತಿದ್ರು?’ ಎಂದು ನನ್ನ ತಲೆಗೆ ಕಟ್ಟಿದರು.

ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಬರೆಯುವಷ್ಟರಲ್ಲಿ ಅನ್ನ ತಳ ಹಿಡಿಯಿತು. ಏನು ಬರೆದೆನೆಂದರೆ, ನಮ್ಮ ಯಜಮಾನರಿಗೆ ಇದು ಎರಡನೇ ಪ್ರವಾಸದಲ್ಲೇ ಗೊತ್ತಾಗಿತ್ತು. ಹಿರಿಯರಿಗೆ ಟಿಕೆಟ್ ಬೇಡದ ದೇಗುಲದ ಬಾಗಿಲಲ್ಲಿ ಚೊನ್ ಅವರು, ‘ನೀವೆಲ್ಲ ನಡೀರಿ, ನಾನೊಂದು ಸಿಗರೇಟು ಸೇದಿ ಬರ್ತೀನಿ’ ಎಂದು ಹಿಂದುಳಿದು, ಮೆಲ್ಲಗೆ ಹೋಗಿ ಟಿಕೆಟ್ ಕೊಳ್ಳುತ್ತಿದ್ದರಂತೆ. ಅವರು ಸಿಗರೇಟು ಸೇದುವವರೇ ಅಲ್ಲ. ಮನೆಗೆ ಬಂದು ಹೇಳಿಕೊಂಡು ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೊತ್ತಿದ್ದೂ ಯಾಕೆ ಅಣ್ಣಾ ಅಂತೀರಿ ಎಂದು ಕೇಳಿದ್ದಕ್ಕೆ, ‘ಹುಟ್ಟಿದಾಗಿನಿಂದ ಆರು ಜನಕ್ಕೆ ಅಣ್ಣನಾಗಿ ಸಾಕಾಗಿದೆ ಕಣೇ. ಅಣ್ಣಾ ಅಂತ ಕರೆಯೋಕೆ ನನಗೂ ಒಬ್ಬ ಬೇಕಿತ್ತು. ಅವನು ಬೈತಾನೆ, ಮುಂದೆ ನಡೀತಾನೆ, ಬಸ್ಸು ನೋಡ್ಕೋತಾನೆ. ನಾನು ಹಿಂದೆ ಕೈ ಬೀಸ್ಕೊಂಡು ಹೋಗ್ತೀನಿ. ಎಷ್ಟು ಹಾಯಾಗಿದೆ ಗೊತ್ತಾ?’ ಎಂದಿದ್ದರು. ಇನ್ನೊಂದನ್ನೂ ಬರೆದೆ. ಹಿರಿಯನಾದವನು ತೀರಿಕೊಂಡ ಕಿರಿಯನ ಭಾವಚಿತ್ರಕ್ಕೆ ನೆಲಕ್ಕೆ ಹಣೆ ಹಚ್ಚಬೇಕಾಗಿಲ್ಲ. ಆದರೆ ಡಿಸೆಂಬರಿನಲ್ಲಿ ಇವರನ್ನು ಕಳಿಸಿಕೊಟ್ಟ ದಿನ ಚೊನ್ ಅವರು ಬುಯೊದಿಂದ ಬಂದು ಎರಡು ಸಲ ಪೂರ್ತಿ ಬಾಗಿದರು, ಎರಡನೇ ಸಲ ಬೇಗ ಏಳಲಿಲ್ಲ. ಸುಳ್ಳು ಬಯಲಾದರೂ ಆಗಲಿ, ನಮ್ಮವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಹೋದರು.

ಅಂಕಿ ಮತ್ತೆ ಇಳಿದು ಮಾಯವಾಯಿತು. ಆಮೇಲೆ ಗ್ವಾಕ್, ‘ನನ್ನ ಹತ್ರ ಎರಡು ಮಾತ್ರೆ ಇದೆ’ ಎಂದರು. ‘ನನ್ನ ಹತ್ರ ಒಂದು ಹಾಳೆ’ ಎಂದರು ಬಾಂಗ್. ಎಲ್ಲ ಊರುಗಳಿಂದ ಅಂಚೆಯಲ್ಲಿ ಮಾತ್ರೆಗಳು ಹೊರಟವು. ಹೋಗಿ ಸೇರುವಷ್ಟರಲ್ಲಿ ಜ್ವರ ಬಿಟ್ಟಿತ್ತು. ಇಡೀ ಬುಯೊದಲ್ಲಿ ಈಗ ಅತಿ ಹೆಚ್ಚು ಜ್ವರದ ಮಾತ್ರೆ ಇರುವುದು ಅವರ ಮನೆಯಲ್ಲೇ ಅಂತೆ.

ಅವರನ್ನು ಗುಂಪಿಗೆ ಮತ್ತೆ ಕರೆಸಿಕೊಂಡರು. ಬಂದವರು ಬೇರೆಯೇ ಮನುಷ್ಯ. ಎಲ್ಲರಿಗೂ ತಾವು, ತಮ್ಮ. ಬೇಕೆಂದೇ ನಾನು ಅದೇ ಪಗೋಡದ ಫೋಟೋ ಹಾಕಿದೆ. ‘ಅತ್ತಿಗೆಯವರೇ, ತಮ್ಮೂರಿನ ಪಗೋಡ ಬಹಳ ಸೊಗಸಾಗಿದೆ’ ಎಂದರು! ‘ಇವರಿಗಿನ್ನೂ ಜ್ವರ ಬಿಟ್ಟಿಲ್ಲ, ಒಂದು ಮಾತ್ರೆ ನುಂಗ್ಸಿ’ ಎಂದರು ಬಾಂಗ್. ಆ ವಿನಯವನ್ನು ಒಂದು ವಾರ ಹಲ್ಲುಕಚ್ಚಿ ಸಹಿಸಿದೆವು. ಅಲ್ಲಿಗೆ ಗ್ವಾಕ್ ಅವರ ತಾಳ್ಮೆ ಮುಗಿಯಿತು. ‘ಹಿರಿಯನಾಗಿ ಅಪ್ಪಣೆ ಮಾಡ್ತಿದ್ದೀನಿ. ಮೊದಲಿನ ಹಾಗೆ ಬಯ್ಯೋ!’ ಎಂದರು. ಅತ್ತಲಿಂದ, ‘ಏಯ್ ಗ್ವಾಕ್, ಹೋದ ಸಲ ನೀನು ಕಳಿಸಿದ ಒಣಮೀನು ಚಪ್ಪಲಿ ಇದ್ದ ಹಾಗಿತ್ತು’ ಎಂದು ಬಂತು. ‘ಹೂಂ ದೊಡ್ಡಣ್ಣಾ’ ಎಂದ ಗ್ವಾಕ್ ಅವರು ನಗುತ್ತಾ ಅಳುವ ಮುಖದ ಚಿತ್ರಗಳನ್ನು ಸಾಲಾಗಿ ಹಾಕಿದರು.

ಅವತ್ತು ನಾನು ಗಟ್ಟಿಯಾಗಿ ನಕ್ಕೆ ಅಕ್ಕಾ. ಅವರು ಹೋದ ಮೇಲೆ ಈ ಮನೆಯಲ್ಲಿ ಅದೇ ಮೊದಲು. ನಕ್ಕು, ಇವರಿಗೆ ಹೇಳೋಣ ಎಂದು ಕೋಣೆಯ ಕಡೆ ತಿರುಗಿದೆ. ಅದಕ್ಕೇ ನಿನಗೆ ಬರೆಯಲು ಕೂತಿದ್ದು.

ಶರತ್ಕಾಲದಲ್ಲಿ ಎಲ್ಲರೂ ಇಲ್ಲಿಗೇ ಬರುತ್ತಾರಂತೆ, ದೊಡ್ಡಣ್ಣ ಬಸ್ಸಿಗೆ ಹೇಳಿಯೂ ಆಗಿದೆ. ಕೆಂಪುಕಾಳಿನ ಹೂರಣದ ಬನ್ನು ನಿನ್ನ ಪಾಲಿನದೂ ತೆಗೆದಿಡುತ್ತೇನೆ. ನಿನ್ನ ಪಕ್ಕದ ಹಾಸಿಗೆಯ ಅಜ್ಜಿಗೂ ಚಾಂಗ್ ಅವರಿಗೂ ನನ್ನ ನಮಸ್ಕಾರ. ರಾತ್ರಿ ಫ್ಯಾನಿನ ಕೆಳಗೆ ಮಲಗಬೇಡ, ಹೊಟ್ಟೆಯ ಮೇಲೆ ಏನಾದರೂ ಹೊದ್ದುಕೊ.

ನಿನ್ನ ತಂಗಿ,
ದೊಕ್‌ನಿಮ್

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಆಸ್ಪತ್ರೆಯಿಂದ ಫೋನು ಬಂತು. ಸೋಮವಾರ ಸೂಜಿಯವರು ಮತ್ತೆ ಬರುತ್ತಾರಂತೆ. ನೀನು ನರ್ಸಿಗೆ, ‘ನನಗೆ ಹೇಳೋಕೆ ನೀನ್ಯಾರು? ನಮ್ಮ ಮನೇಲಿ ನನಗಿಂತ ದೊಡ್ಡೋರು ಯಾರೂ ಉಳಿದಿಲ್ಲ. ಇದ್ರೆ ಕರ್ಕೊಂಡು ಬಾ, ಅವರು ಹೇಳಿದ್ರೆ ಕೇಳ್ತೀನಿ’ ಎಂದೆಯಂತೆ. ಆ ಹುಡುಗಿ ಪಾಪ, ದಾಖಲೆ ಹುಡುಕಿ ನೋಡಿ, ನನಗೆ, ‘ಅಜ್ಜೀ, ಸರ್ಕಾರದ ಲೆಕ್ಕದಲ್ಲಿ ನೀವೇ ಅವರ ಅಕ್ಕ’ ಎಂದಳು. ಹೌದು. ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಒಂದೇ ದಿನ ಹುಟ್ಟು ಬರೆಸಲು ಹೊರಟವರು ದಾರಿಯಲ್ಲಿ ಅಕ್ಕಿಹೆಂಡ ಕುಡಿದಿದ್ದರು. ಗುಮಾಸ್ತ ಎತ್ತರ ಇದ್ದ ನನ್ನನ್ನು ದೊಡ್ಡವಳು ಎಂದು ಬರೆದಾಗ ಹೂಂ ಅಂದುಬಿಟ್ಟರು. ಮನೆಗೆ ಬಂದು ನೀನು ನೆಲದಲ್ಲಿ ಹೊರಳಾಡಿ ಅತ್ತದ್ದು ನೋಡಿ, ಇಷ್ಟು ವರ್ಷ ನಾನು ಒಮ್ಮೆಯೂ ಆ ಮಾತು ಎತ್ತಿಲ್ಲ. ಈಗ ಎತ್ತುತ್ತಿದ್ದೇನೆ. ಚಾಂಗ್ ಅವರೇ, ಇದನ್ನು ಸ್ವಲ್ಪ ಗಟ್ಟಿಯಾಗಿ ಓದಿ: ಏಯ್ ದೊಕ್‌ಸಿಮ್, ನಿನ್ನ ಅಕ್ಕ ಹೇಳ್ತಿದ್ದೀನಿ, ಸೋಮವಾರ ಸುಮ್ಮನೆ ತೋಳು ಚಾಚು. ಎರಡು ಸೂಜಿ ಆಗೋವರೆಗೆ ಮಾತ್ರ ನಾನು ಅಕ್ಕ. ಆಮೇಲೆ ನೀನೇ ಇಟ್ಕೋ. ನನಗೆ ನಿನ್ನ ಮಡಿಲಲ್ಲಿ ತಲೆಯಿಟ್ಟು ಅಳೋದಿದೆ, ಅದು ತಂಗಿಯಾಗದೆ ಆಗಲ್ಲ.