ಏಳು ಹಾಡು, ಒಂದೇ ಚಪ್ಪಾಳೆ

ಮಂಗಳವಾರ, ಸಂಜೆ

ಮಾವಾ,

‘ತೀರ್ಥರೂಪ ಸಮಾನರಾದ’ ಎಂದು ಶುರು ಮಾಡಲು ಹೋದೆ, ಕೈ ಏಳಲಿಲ್ಲ. ನೀನು ಅಮ್ಮನ ತಮ್ಮ ಎಂಬುದೊಂದಾದರೂ ಸುಳ್ಳಲ್ಲವಲ್ಲ, ಆದ್ದರಿಂದ ಬರೀ ಮಾವ. ನಾನು ಕ್ಷೇಮ. ನಿನ್ನ ಕ್ಷೇಮ ಕೇಳುವಷ್ಟು ಕೋಪ ಇನ್ನೂ ಇಳಿದಿಲ್ಲ.

ನೀನು ಕೊಟ್ಟ ಟೇಪು, ಅದೇ, ಡಾನ್ಸ್ ಹಾಲಿನ ಕೊನೆಯ ದಿನದ್ದು, ಭಾನುವಾರ ಶುಚಿ ಮಾಡಲು ಕೂತೆ. ಹಳೆಯ ಟೇಪುಗಳ ಗರಗರ ತೆಗೆಯುವುದೇ ನನ್ನ ಹೊಟ್ಟೆಪಾಡು ಎಂದು ಗೊತ್ತಿದ್ದೂ ಕೊಟ್ಟೆಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು! ಮೊದಲ ಹಾಡು ಮುಗಿದ ಮೇಲೆ ಚಪ್ಪಾಳೆ. ಅದರ ನಡುವೆ ಯಾರೋ ಕೆಮ್ಮುತ್ತಾರೆ, ಒಂದು ಕುರ್ಚಿ ಬೀಳುತ್ತದೆ, ಒಬ್ಬ ಹೆಂಗಸು ಕಿಸಕ್ಕನೆ ನಗುತ್ತಾಳೆ. ಎರಡನೆಯ ಹಾಡಿಗೂ ಅದೇ ಕೆಮ್ಮು, ಅದೇ ಕುರ್ಚಿ, ಅದೇ ನಗು. ಏಳೂ ಹಾಡಿಗೆ ಹಾಗೆಯೇ. ಒಂದೇ ದಿನ ಒಂದೇ ಕುರ್ಚಿ ಏಳು ಸಲ ಬೀಳುತ್ತದೆಯೇ ಮಾವ?

ಆದರೂ ನಂಬಿಕೆ ಬಿಡಲಿಲ್ಲ ನೋಡು ಈ ಹುಚ್ಚಿ. ಆ ಹಾಲಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವರನ್ನು ನಿನ್ನೆ ಹುಡುಕಿಕೊಂಡು ಹೋದೆ. ಈಗ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಾರೆ. ಎರಡು ನಿಮಿಷ ಕೇಳಿ, ಹೆಡ್‌ಫೋನ್ ತೆಗೆದಿಟ್ಟು, ಇದು ನನ್ನ ಕೈ ಅಲ್ಲಮ್ಮಾ, ಕೊನೇ ದಿನ ನಾವು ನುಡಿಸ್ಲೇ ಇಲ್ಲ, ಬಾಗಿಲಿಗೆ ಬೀಗ ಬಿದ್ದಿತ್ತು ಅಂದರು. ನಮ್ಮ ಮಾವ ಸ್ಯಾಕ್ಸೊಫೋನ್ ನುಡಿಸುತ್ತಿದ್ದರಲ್ಲ ಎಂದೆ. ಅಯ್ಯೋ, ಅವ್ರು ಕೋಟು ಇಡೋ ಕೋಣೇಲಿ ಟೋಕನ್ ಕೊಡ್ತಿದ್ರು, ಒಂದ್ಸಲ ಸ್ಟೇಜಿಗೆ ಕರೆದ್ವಿ, ಊದೋಕಾಗ್ದೆ ಇಳಿದು ಓಡ್ಹೋದ್ರು ಎಂದು ನಕ್ಕರು. ಅವರ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕೋಟು ಕಾಯುವುದೇನು ಕಳ್ಳತನವೇ? ಅದನ್ನೇ ಹೇಳಿದ್ದರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ: ಯಾರ ಕೋಟಿಗೆ ಯಾವ ಸೆಂಟಿನ ವಾಸನೆ, ಯಾರು ಒಬ್ಬರೇ ಬಂದು ಜೊತೆಯಾಗಿ ಹೋದರು ಎಂದು. ಅದು ಬಿಟ್ಟು, ಹಾಲಿಗೆ ಹಾಲೇ ನಿನ್ನ ಹೆಸರು ಕೂಗುತ್ತಿತ್ತು ಎಂದು ನನ್ನ ಕಿವಿಗೆ ಹೂವಿಟ್ಟೆ. ಅಪ್ಪ ಮನೆ ಬಿಟ್ಟು ಹೋದ ವರ್ಷ ನನ್ನನ್ನು ಮಲಗಿಸಿದ್ದೇ ಆ ಡಾನ್ಸ್ ಹಾಲಿನ ಕಥೆ. ನಾನು ಹುಟ್ಟುವ ಮೊದಲೇ ದೀಪ ಆರಿದ ಜಾಗಕ್ಕೆ ಹಂಬಲಿಸಿ, ನನ್ನ ಓರಗೆಯವರ ಒಂದು ಹಾಡೂ ರುಚಿಸದೆ, ಸರ್ಕಾರಿ ಕೆಲಸ ಬಿಟ್ಟು ಈ ಟೇಪುಗಳ ಹಿಂದೆ ಬಿದ್ದೆ. ಅಮ್ಮ ಬೈದಾಗ, ಮಾವನನ್ನು ಕೇಳು ಅಂದೆ. ನೀನೂ ಪಕ್ಕದಲ್ಲೇ ನಿಂತು ತಲೆಯಾಡಿಸಿದೆ. ಮೋಸ ಮಾಡಿದೆ ಮಾವ.

ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಟೇಪಿನಲ್ಲಿ ಊದಿರುವವನು ನೀನೇ. ಉಸಿರೆಳೆಯುವಾಗ ಮೂಗಿನಲ್ಲಿ ಸೊರ್ ಎನ್ನುವವನು ನೀನೊಬ್ಬನೇ. ಯಾವುದೋ ಗೋದಾಮಿನಲ್ಲಿ ಗೆಳೆಯರನ್ನು ಗುಡ್ಡೆ ಹಾಕಿಕೊಂಡು ಎಷ್ಟು ಚೆನ್ನಾಗಿ ನುಡಿಸಿದ್ದೀಯೋ, ಪಾಪಿ! ಅದನ್ನು ಅದಾಗಿಯೇ ಕೊಟ್ಟಿದ್ದರೆ ಎದೆಗೆ ಒತ್ತಿಕೊಳ್ಳುತ್ತಿದ್ದೆ.

ಶುಕ್ರವಾರ ಟೇಪನ್ನು ರೆಕಾರ್ಡ್ ಕಂಪನಿಗೆ ಒಪ್ಪಿಸಬೇಕು, ಮುಂದಿನ ತಿಂಗಳು ಡಿಸ್ಕ್ ಬಿಡುಗಡೆ. ಅದರ ಹೊದಿಕೆಯ ಮೇಲೆ ‘ಅಸಲಿ ಧ್ವನಿಮುದ್ರಣ’ ಎಂಬ ಮಾತಿನ ಕೆಳಗೆ ನನ್ನ ಸಹಿ. ಹತ್ತು ವರ್ಷದಲ್ಲಿ ಒಂದೇ ಒಂದು ನಕಲಿಯನ್ನೂ ಅಸಲಿ ಎಂದವಳಲ್ಲ ನಾನು. ನನಗಿರುವುದು ಆ ಹೆಸರೊಂದೇ. ಅದಕ್ಕೇ ಕಂಪನಿಯ ಯಜಮಾನರಿಗೆ ಇವತ್ತು ಬೆಳಿಗ್ಗೆ ಎಲ್ಲ ಹೇಳಿ ಬಿಡುಗಡೆ ನಿಲ್ಲಿಸಿಬಿಟ್ಟೆ. ನೀನು ನೆಂಟರಿಷ್ಟರಿಗೆಲ್ಲ ಡಂಗುರ ಸಾರಿದ್ದೀಯಂತೆ. ಏನು ಹೇಳಿಕೊಳ್ಳುತ್ತೀಯೋ ಹೇಳಿಕೋ.

ಇನ್ನು ನಿನ್ನ ಕಥೆ ಕೇಳಲು ಕೂರದ,
ನಿನ್ನ ಅಕ್ಕನ ಮಗಳು

ಮತ್ತೊಂದು ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಯಜಮಾನರಿಗೆ ಹೇಳಿಲ್ಲ. ಎರಡು ಸಲ ಫೋನ್ ಕೈಗೆತ್ತಿಕೊಂಡೆ, ಆಗಲಿಲ್ಲ. ಆ ಹಾಲಿನ ಬೇರೆ ಟೇಪು ಯಾವುದೂ ಇಲ್ಲ, ಹೇಳಿಬಿಟ್ಟರೆ ಅದರ ಸದ್ದು ನಕಲಿಯಾಗಿಯೂ ಎಲ್ಲಿಯೂ ಉಳಿಯುವುದಿಲ್ಲ. ಡ್ರಮ್ಮಿನವರೂ ಬಾಯಿ ಬಿಡುವುದಿಲ್ಲ ಎಂದಿದ್ದಾರೆ. ಈಗಷ್ಟೇ ಏಳು ಹಾಡಿಗೆ ಏಳು ಬೇರೆ ಬೇರೆ ಚಪ್ಪಾಳೆ ಹಾಕಿ ಮುಗಿಸಿದೆ. ಇನ್ನು ಯಾರೂ ಕಂಡುಹಿಡಿಯಲಾರರು. ಬಿಡುಗಡೆಗೆ ಬಾ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದಾಗ ನನ್ನ ಕಡೆ ಮಾತ್ರ ನೋಡಬೇಡ.