ಚೊಗರು ಸಾಲದ ಕೆಂಪು

22 ನವೆಂಬರ್, ಶನಿವಾರ

ಕಣ್ಣಿಗೆ ಪೊರೆ ಬಂದಿದೆ ಅಂತ ಮನೆಯಲ್ಲಿ ಇವತ್ತೂ ಹೇಳಲಿಲ್ಲ.

ಬೆಳಿಗ್ಗೆ ಶೃಂಗೇರಿ ಕಡೆಯಿಂದ ಹನ್ನೆರಡು ಕಾಲೇಜು ಮಕ್ಕಳು ಪ್ರೆಸ್ ನೋಡಲು ಬಂದಿದ್ದರು. ಈ ಕೆಲಸಕ್ಕೆ ಯಾರಾದರೂ ಬರಲಿ ಅಂತ ನಾನೇ ಕರೆದದ್ದು. "ಮೆಷಿನ್ ಓಡಿಸೋದು ಆರು ತಿಂಗಳಲ್ಲಿ ಬರುತ್ತೆ. ಬಣ್ಣ ನೋಡೋ ಕಣ್ಣು ಬರೋಕೆ ಹತ್ತು ವರ್ಷ ಬೇಕು ಮಾರಾಯ್ರೆ," ಅಂತ ದೊಡ್ಡ ಭಾಷಣ ಬಿಗಿದೆ. ಅರ್ಧ ಜನ ಮೊಬೈಲ್ ನೋಡುತ್ತಲೇ ತಲೆಯಾಡಿಸಿದರು.

ಕಿಗ್ಗದ ಪ್ರತೀಕ್ಷಾ ಅನ್ನೋ ಹುಡುಗಿ ಮಾತ್ರ ಆಗಷ್ಟೇ ಅಚ್ಚಾದ ಮದುವೆ ಕಾಗದದ ಕಟ್ಟಿನ ಹತ್ತಿರ ನಿಂತುಬಿಟ್ಟಳು. ಮೇಲಿಂದ ಒಂದು, ಅಡಿಯಿಂದ ಒಂದು ಎಳೆದು ಬೆಳಕಿಗೆ ಹಿಡಿದಳು.

"ಸರ್, ಮೇಲಿಂದಕ್ಕೆ ಚೊಗರು ಸಾಲಲಿಲ್ಲ."

ಉಳಿದವರು ಗೊಳ್ಳೆಂದು ನಕ್ಕರು. ಅಡಿಕೆಗೆ ಬಣ್ಣ ಹಿಡಿಸೋ ಚೊಗರು ಪ್ರೆಸ್ಸಲ್ಲಿ ಎಲ್ಲಿಂದ ಬರಬೇಕು? ನಾನೂ ನಕ್ಕೆ. ನನಗೆ ಎರಡೂ ಒಂದೇ ಕೆಂಪು.

ಮೆಷಿನ್ ನೋಡಿಕೊಳ್ಳೋ ಯೋಗೇಂದ್ರ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. ಇಂಕು ತಳ ಕಂಡಿತ್ತು. ಕೊನೆಯ ನೂರು ಕಾಗದವೂ ಪೇಲವ.

"ಯಾರು ಕಲಿಸಿದ್ದು ಕೂಸೇ?" ಅಂತ ಅವಳನ್ನ ಕೇಳಿದೆ.

"ಯಾರೂ ಇಲ್ಲ ಸರ್. ಅಮ್ಮ ತೋಟದ ಮನೇಲಿ ಅಡಿಕೆ ಬೇಯಿಸ್ತಾರೆ. ಹಂಡೆ ಹತ್ರ ಕೂತು ಕೂತು ಗೊತ್ತಾಗಿದ್ದು."

"ಯಾವಾಗಿಂದ?"

"ಏಳು ವರ್ಷದವಳಿದ್ದಾಗಿಂದ."

ಈಗ ಅವಳಿಗೆ ಹದಿನೇಳು. ನಾನು ಹೇಳಿದ ಹತ್ತು ವರ್ಷ ಮುಗಿಸಿಕೊಂಡೇ ಬಂದಿದ್ದಾಳೆ.

ಸೋಮವಾರ ಆ ನೂರನ್ನೂ ಮತ್ತೆ ಅಚ್ಚು ಹಾಕಬೇಕು. ಕಾಲೇಜು ಬಿಟ್ಟ ಮೇಲೆ ಬಾ, ಕೆಲಸ ತೋರಿಸ್ತೀನಿ ಅಂತ ಅವಳಿಗೆ ಹೇಳಿ ಕಳಿಸಿದೆ. ಕೆಂಪು ನೋಡೋಕೆ ನನಗೇ ಅವಳು ಬೇಕು ಅನ್ನೋದನ್ನ ಮಾತ್ರ ಅವಳಿಗೂ ಹೇಳಲಿಲ್ಲ.